ಆಂಟೆನಾದ ಇನ್ನರ್ಧ ಗ್ರೌಂಡಿನಲ್ಲಿದೆ: ಅಲ್ಟ್ರಾ ವೈಡ್‌ಬ್ಯಾಂಡ್ ಸಾಧನಗಳ ಪುಟ್ಟ ಆಂಟೆನಾಗಳ ಬಗ್ಗೆ

ಅಲ್ಟ್ರಾ ವೈಡ್‌ಬ್ಯಾಂಡ್, ಅಂದರೆ ಬಹಳ ಅಗಲವಾದ ಆವರ್ತನ ಪಟ್ಟಿಯಲ್ಲಿ ಹರಡಿದ ಕ್ಷೀಣ ರೇಡಿಯೊ ಸಂಕೇತಗಳನ್ನು ಬಳಸುವ ತಂತ್ರ; ಅದರ ಆಂಟೆನಾಗಳ ಕುರಿತ ಸಂಶೋಧನಾ ಪ್ರಬಂಧಗಳ ಸಾರಾಂಶಗಳನ್ನು ಒಂದರ ಹಿಂದೊಂದು ಓದುತ್ತಾ ಹೋದರೆ ಅವುಗಳ ನಡುವೆ ನಡೆದಿರುವ ಪೈಪೋಟಿಯೊಂದು ಎದ್ದು ಕಾಣುತ್ತದೆ. ಒಬ್ಬರು 30 ಮಿ.ಮೀ. ಅಗಲದ ಆಂಟೆನಾ ಮಾಡಿದರೆ ಮುಂದಿನವರು ಅದನ್ನು 24ಕ್ಕೆ ಇಳಿಸುತ್ತಾರೆ, ಅವರ ಬೆನ್ನಿಗೇ ಮತ್ತೊಬ್ಬರು 16 ಮಿ.ಮೀ. ಎಂದು ಪ್ರಕಟಿಸುತ್ತಾರೆ, ಮತ್ತು ಎಲ್ಲರ ಆಂಟೆನಾಗಳೂ 3.1ರಿಂದ 10.6 ಗಿಗಾಹರ್ಟ್ಸ್‌ವರೆಗೆ ಯಾವ ತೊಡಕೂ ಇಲ್ಲದೆ ಕೆಲಸ ಮಾಡುತ್ತವೆ. ಸ್ಥಳ ಗುರುತಿಸುವ ಟ್ಯಾಗ್‌ಗಳಿಗೆ ಆಂಟೆನಾ ರೂಪಿಸುವುದು ನನ್ನ ವೃತ್ತಿಯಾದ್ದರಿಂದ ಇಂಥ ಪ್ರಬಂಧಗಳನ್ನು ಓದುವುದು ನನಗೆ ಅನಿವಾರ್ಯ, ಮತ್ತು ಅವುಗಳಿಂದ ಕಲಿತದ್ದೂ ಬಹಳ. ಆದರೂ ಶೀರ್ಷಿಕೆಯಲ್ಲಿ ಕೊಟ್ಟಿರುವ ಅಳತೆಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ವಿದ್ಯುತ್ ಪ್ರವಾಹ ಎಲ್ಲೆಲ್ಲಿ ಹರಿಯುತ್ತದೆಯೋ ಅಷ್ಟೂ ಜಾಗ ಆಂಟೆನಾ; ಗ್ರೌಂಡ್, ಅಂದರೆ ಬೋರ್ಡಿನಲ್ಲಿ ಪ್ರವಾಹ ಮರಳಿ ಹರಿಯುವ ತಾಮ್ರದ ಹರಹು, ಕೂಡ ಅದರಲ್ಲಿ ಸೇರಿದೆ. ಅದರಲ್ಲಿ ಒಂದಿಷ್ಟನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಯಾವ ಆಂಟೆನಾವಾದರೂ ಪುಟ್ಟದಾಗಿ ಕಾಣುತ್ತದೆ. ಈ ಮಾತನ್ನು ತುಸು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಈ 3.1 ಮತ್ತು 10.6 ಎಲ್ಲಿಂದ ಬಂದವು ಎಂಬುದನ್ನು ನೋಡೋಣ. ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗವಾದ ಎಫ್‌ಸಿಸಿ 2002ರ ಫೆಬ್ರವರಿ 14ರಂದು ಅಂಗೀಕರಿಸಿದ ಆದೇಶದಲ್ಲಿ ಈ ಆವರ್ತನ ಪಟ್ಟಿಯನ್ನು ಪರವಾನಗಿಯಿಲ್ಲದ ಅಲ್ಟ್ರಾ ವೈಡ್‌ಬ್ಯಾಂಡ್ ಬಳಕೆಗೆ ತೆರೆಯಿತು. ಸಂಕೇತದ ಅಗಲ ಕನಿಷ್ಠ 500 ಮೆಗಾಹರ್ಟ್ಸ್ ಇರಬೇಕು, ಇಲ್ಲವೇ ಮಧ್ಯದ ಆವರ್ತನದ ಐದನೇ ಒಂದು ಭಾಗದಷ್ಟಾದರೂ ಇರಬೇಕು ಎಂಬುದು ಅದರಲ್ಲಿನ ವ್ಯಾಖ್ಯೆ. ಪ್ರಸಾರದ ಮಿತಿಯನ್ನು ಪ್ರತಿ ಮೆಗಾಹರ್ಟ್ಸ್‌ಗೆ ಮೈನಸ್ 41.3 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಶಕ್ತಿ) ಎಂದು ಗೊತ್ತುಮಾಡಲಾಯಿತು. ಮನೆಯ ಕಂಪ್ಯೂಟರಿನಿಂದ ಉದ್ದೇಶವಿಲ್ಲದೆ ಸೋರುವ ವಿಕಿರಣಕ್ಕೆ ಅದೇ ಆಯೋಗ ಹಾಕಿರುವ ಮಿತಿಯೂ ಇಷ್ಟೇ. ಇಡೀ 7.5 ಗಿಗಾಹರ್ಟ್ಸ್ ಅಗಲವನ್ನೂ ಈ ಮಿತಿಯ ಅಂಚಿನವರೆಗೆ ತುಂಬಿದರೂ ಒಟ್ಟು ಶಕ್ತಿ ಸುಮಾರು 0.56 ಮಿಲಿವಾಟ್ ಆಗುತ್ತದೆ, ಅಷ್ಟೇ.

ಆಂಟೆನಾ ಮಾಡುವವರ ಮಟ್ಟಿಗೆ ಈ ನಿಯಮದ ಒಂದು ಪರಿಣಾಮ ತಕ್ಷಣಕ್ಕೆ ಹೊಳೆಯುವುದಿಲ್ಲ. ಮಿತಿಯನ್ನು ಹೇಳಿರುವುದು ರೇಡಿಯೊ ಚಿಪ್ಪಿನಿಂದ ಹೊರಡುವ ಶಕ್ತಿಗಲ್ಲ, ಆಂಟೆನಾದ ಗೇನ್ (ಶಕ್ತಿಯನ್ನು ಒಂದು ದಿಕ್ಕಿಗೆ ಕೂಡಿಸಿ ಕಳಿಸುವ ಪ್ರಮಾಣ) ಸೇರಿಸಿದ ನಂತರ ಅದು ಹೆಚ್ಚು ಸೂಸುವ ದಿಕ್ಕಿನಲ್ಲಿ ಹೊರಬೀಳುವ ಶಕ್ತಿಗೆ. ಆದ್ದರಿಂದ ಪ್ರಸಾರದ ಬದಿಯಲ್ಲಿ ಹೆಚ್ಚು ಗೇನ್ ಇರುವ ಆಂಟೆನಾ ಹಾಕಿ ಲಾಭ ಪಡೆಯುವಂತಿಲ್ಲ. ಗೇನ್ ಹೆಚ್ಚಿದಷ್ಟು ಚಿಪ್ಪಿನ ಶಕ್ತಿಯನ್ನು ತಗ್ಗಿಸಬೇಕಾಗುತ್ತದೆ. ಇನ್ನೂ ಕಿರಿಕಿರಿಯ ಸಂಗತಿಯೆಂದರೆ, ಆಂಟೆನಾದ ಗೇನ್ ಪಟ್ಟಿಯ ಯಾವುದೋ ಒಂದು ಆವರ್ತನದಲ್ಲಿ ಮಾತ್ರ 3 ಡೆಸಿಬೆಲ್ ಮೇಲೆದ್ದಿದ್ದರೆ, ಆ ಒಂದು ಉಬ್ಬಿಗಾಗಿ ಇಡೀ ಸಂಕೇತವನ್ನೇ 3 ಡೆಸಿಬೆಲ್ ಇಳಿಸಬೇಕಾಗಿ ಬರುತ್ತದೆ. ಹೀಗಾಗಿ ಇಲ್ಲಿ ಗೇನ್ ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಸಮನಾಗಿದೆ ಎಂಬುದೇ ಮುಖ್ಯವಾಗುತ್ತದೆ. ಶೀರ್ಷಿಕೆಯಲ್ಲಿ ಗರಿಷ್ಠ ಗೇನ್ ಎಂದು ಹೆಮ್ಮೆಯಿಂದ ನಮೂದಿಸುವವರು ಈ ಲೆಕ್ಕವನ್ನು ಏಕೆ ಬಿಡುತ್ತಾರೋ ನನಗೆ ಅರ್ಥವಾಗಿಲ್ಲ.

ಅಗಲವಾದ ಆವರ್ತನ ಪಟ್ಟಿ ಬೇಕಾದರೆ ಲೋಹವನ್ನು ದಪ್ಪವಾಗಿಸಬೇಕು ಎಂಬ ತಿಳಿವಳಿಕೆ ಹೊಸದೇನಲ್ಲ. ಆಲಿವರ್ ಲಾಡ್ಜ್ 1898ರಲ್ಲಿ ಪಡೆದ ಪೇಟೆಂಟಿನಲ್ಲಿಯೇ ಎದುರುಬದುರಾಗಿ ನಿಲ್ಲಿಸಿದ ಶಂಕುಗಳೂ ತ್ರಿಕೋನಾಕಾರದ ತಗಡುಗಳೂ ಇವೆ. ತೆಳ್ಳನೆಯ ತಂತಿ ಒಂದು ಆವರ್ತನಕ್ಕೆ ಸರಿಯಾಗಿ ಹೊಂದಿಕೊಂಡು ಅದರ ಆಚೀಚೆ ತೀರಾ ಬೇರೆಯಾಗಿ ವರ್ತಿಸುತ್ತದೆ. ಅದನ್ನು ದಪ್ಪವಾಗಿಸಿದಂತೆ ಈ ಏರಿಳಿತ ಮಂದವಾಗುತ್ತದೆ. ಶಂಕುವನ್ನು ಚಪ್ಪಟೆ ಮಾಡಿ ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಆಕೃತಿಯಾಗಿ ಮುದ್ರಿಸಿದರೆ ಇಂದಿನ ಮುದ್ರಿತ ಮಾನೊಪೋಲ್, ಅಂದರೆ ಗ್ರೌಂಡಿನ ಎದುರು ನಿಂತ ಒಂದೇ ತೋಳಿನ ಆಂಟೆನಾ, ಸಿಗುತ್ತದೆ. ಇದರ ಲೆಕ್ಕಾಚಾರಕ್ಕೆ ನಮ್ಮ ದೇಶದಿಂದಲೇ ಬಂದ ಒಂದು ಸರಳ ಸೂತ್ರವಿದೆ. ಎನ್‌.ಪಿ. ಅಗ್ರವಾಲ್, ಐಐಟಿ ಬಾಂಬೆಯ ಗಿರೀಶ್ ಕುಮಾರ್ ಮತ್ತು ಮುಂಬೈನ ಸಮೀರ್ ಸಂಸ್ಥೆಯ ಕೆ.ಪಿ. ರೇ ಅವರು ಚಪ್ಪಟೆ ಮಾನೊಪೋಲ್‌ಗಳ ಕುರಿತು 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾವುದೇ ಆಕಾರದ ತಗಡನ್ನು ಅಷ್ಟೇ ಎತ್ತರವೂ ಅಷ್ಟೇ ಮೇಲ್ಮೈಯೂ ಇರುವ ಸಿಲಿಂಡರ್ ಎಂದು ಭಾವಿಸಿದರೆ ಆಂಟೆನಾ ಯಾವ ಆವರ್ತನದಿಂದ ಕೆಲಸ ಆರಂಭಿಸುತ್ತದೆ ಎಂಬುದನ್ನು ಹೇಳಬಹುದು ಎಂದು ತೋರಿಸಿದರು. ಎತ್ತರ, ಆ ಸಿಲಿಂಡರಿನ ತ್ರಿಜ್ಯ ಮತ್ತು ಗ್ರೌಂಡಿನಿಂದ ಇರುವ ಸಂದು, ಈ ಮೂರನ್ನೂ ಸೆಂಟಿಮೀಟರಿನಲ್ಲಿ ಕೂಡಿ, ಬಂದ ಮೊತ್ತದಿಂದ 7.2ನ್ನು ಭಾಗಿಸಿದರೆ ಕೆಳಗಿನ ಅಂಚು ಗಿಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಸುಮಾರು 1.6 ಮಿ.ಮೀ. ದಪ್ಪದ ಎಫ್‌ಆರ್4 (ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಸಾಮಾನ್ಯ ವಸ್ತು) ಬೋರ್ಡಿನ ಮೇಲೆ ಮುದ್ರಿಸಿದ್ದಾದರೆ ಆ ಮೊತ್ತವನ್ನು ಭಾಗಿಸುವ ಮುನ್ನ 1.15ರಿಂದ ಗುಣಿಸಿಕೊಳ್ಳಬೇಕು.

ಉದಾಹರಣೆಗೆ 10 ಮಿ.ಮೀ. ತ್ರಿಜ್ಯದ ತಾಮ್ರದ ಡಿಸ್ಕ್ ತೆಗೆದುಕೊಳ್ಳಿ. ಅದರ ಎತ್ತರ 2 ಸೆಂ.ಮೀ.; ಡಿಸ್ಕಿಗೆ ಸಮನಾದ ಸಿಲಿಂಡರಿನ ತ್ರಿಜ್ಯ ಡಿಸ್ಕಿನ ತ್ರಿಜ್ಯದ ಕಾಲು ಭಾಗ, ಅಂದರೆ 0.25, ಸಂದು 0.03. ಮೊತ್ತ 2.28 ಆಯಿತು, 1.15ರಿಂದ ಗುಣಿಸಿದರೆ 2.62, ಅದರಿಂದ 7.2ನ್ನು ಭಾಗಿಸಿದರೆ 2.75 ಗಿಗಾಹರ್ಟ್ಸ್. ತ್ರಿಜ್ಯವನ್ನು 9 ಮಿ.ಮೀ. ಮಾಡಿದರೆ 3.05, 8 ಮಿ.ಮೀ. ಮಾಡಿದರೆ 3.4. ಅಂದರೆ 3.1ರಿಂದ ಆರಂಭವಾಗಬೇಕಾದ ಆಂಟೆನಾಕ್ಕೆ 9 ಮಿ.ಮೀ. ತ್ರಿಜ್ಯ ಸಾಕು ಎಂಬುದು ಸಿಮ್ಯುಲೇಶನ್ ಸಾಫ್ಟ್‌ವೇರ್ ತೆರೆಯುವ ಮೊದಲೇ ಕಾಗದದ ಮೇಲೆ ಗೊತ್ತಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಮಾಡಿಸುವ ಲೆಕ್ಕ ಇದೇ, ಏಕೆಂದರೆ ಆಪ್ಟಿಮೈಸರ್‌ಗೆ ಬಿಟ್ಟುಕೊಟ್ಟರೆ ಅದು ರಾತ್ರಿಯಿಡೀ ದುಡಿದು ಇದೇ ಉತ್ತರಕ್ಕೆ ಬರುತ್ತದೆ, ಆದರೆ ಏಕೆ ಬಂತೆಂದು ಹೇಳುವುದಿಲ್ಲ.

ಡಿಸ್ಕಿನ ಕೆಳಗಿನ ಸಂದಿನ ಬಗ್ಗೆ ಒಂದು ಮಾತು. 0.3 ಮಿ.ಮೀ. ಎಂದು ಬರೆದ ಆ ಸಂದು ನೋಡುವುದಕ್ಕೆ ಯಃಕಶ್ಚಿತ್ ಎನಿಸಿದರೂ ಇಡೀ ಆಂಟೆನಾದ ಹೊಂದಾಣಿಕೆ, ಅಂದರೆ ಬಂದ ಶಕ್ತಿಯನ್ನು ಹಿಂದಕ್ಕೆ ತಳ್ಳದೆ ಒಳಗೆ ತೆಗೆದುಕೊಳ್ಳುವುದು, ನಿಂತಿರುವುದು ಅದರ ಮೇಲೆ. ಡಿಸ್ಕಿನ ಕೆಳ ಅಂಚು ಬಾಗಿರುವುದರಿಂದ ಅದಕ್ಕೂ ಗ್ರೌಂಡಿನ ನೇರ ಅಂಚಿಗೂ ನಡುವಿನ ಅಂತರ ಫೀಡ್ ಬಿಂದುವಿನಿಂದ (ಸಂಕೇತ ಆಂಟೆನಾಕ್ಕೆ ಬಂದು ಸೇರುವ ಜಾಗದಿಂದ) ಎರಡೂ ಕಡೆಗೆ ಕ್ರಮೇಣ ಹಿಗ್ಗುತ್ತಾ ಹೋಗುತ್ತದೆ. ಮೇಲಿನ ಆವರ್ತನಗಳಲ್ಲಿ ಅಲೆ ಈ ಹಿಗ್ಗುವ ಸಂದಿನ ಗುಂಟ ಸಾಗುತ್ತಾ ಹೊರಕ್ಕೆ ಬಿಡುಗಡೆಯಾಗುತ್ತದೆ, ಕೆಳಗಿನ ಆವರ್ತನಗಳಲ್ಲಿ ಡಿಸ್ಕ್ ಮಾಮೂಲಿ ಕಾಲು ತರಂಗಾಂತರದ ಕಡ್ಡಿಯಂತೆ ಅನುರಣಿಸುತ್ತದೆ. ಈ ಎರಡು ಬಗೆಯ ವರ್ತನೆಗಳು ನಡುವೆ ಒಂದರ ಮೇಲೊಂದು ಚಾಚಿಕೊಂಡಿರುವುದರಿಂದಲೇ ಪಟ್ಟಿ ಅಷ್ಟು ಅಗಲವಾಗುವುದು. ಬೋರ್ಡ್ ತಯಾರಿಸುವವರು ತಾಮ್ರವನ್ನು ಕೊರೆಯುವಾಗ ಅಂಚು 0.05 ಮಿ.ಮೀ. ಆಚೀಚೆ ಆದರೆ ಸಂದಿನ ಆರನೇ ಒಂದು ಭಾಗವೇ ಬದಲಾಯಿತು. ಆದ್ದರಿಂದ ಬೋರ್ಡ್ ಕೈಗೆ ಬಂದೊಡನೆ ನಾನು ಸೂಕ್ಷ್ಮದರ್ಶಕದ ಕೆಳಗೆ ಮೊದಲು ನೋಡುವುದು ಈ ಸಂದನ್ನು, ಆಮೇಲೆ ಉಳಿದದ್ದನ್ನು.

ಈಗ ಗ್ರೌಂಡಿನ ವಿಷಯಕ್ಕೆ ಬರೋಣ. ಹೆರಾಲ್ಡ್ ವೀಲರ್ 1947ರಲ್ಲಿಯೂ ಎಲ್.ಜೆ. ಚು 1948ರಲ್ಲಿಯೂ ಪುಟ್ಟ ಆಂಟೆನಾಗಳ ಮೂಲಭೂತ ಮಿತಿಗಳನ್ನು ಪ್ರಕಟಿಸಿದರು. ಇಡೀ ಆಂಟೆನಾವನ್ನು ಒಳಗೊಳ್ಳುವ ಅತಿ ಚಿಕ್ಕ ಗೋಳವನ್ನು ಕಲ್ಪಿಸಿಕೊಂಡರೆ, ಆ ಗೋಳದ ತ್ರಿಜ್ಯವನ್ನು ತರಂಗಾಂತರದೊಡನೆ ಹೋಲಿಸಿ, ಆಂಟೆನಾ ಎಷ್ಟು ಬಿಗಿಯಾಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು, ಅಂದರೆ ಅದರ ಕ್ಯೂ ಮೌಲ್ಯವನ್ನು, ಅದು ಇದಕ್ಕಿಂತ ಕಡಿಮೆಯಾಗಲಾರದು ಎಂದು ಹೇಳಬಹುದು. ಕ್ಯೂ ಹೆಚ್ಚಿದ್ದರೆ ಪಟ್ಟಿ ಕಿರಿದು. 3.1 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 97 ಮಿ.ಮೀ. 10 ಮಿ.ಮೀ. ತ್ರಿಜ್ಯದ ಡಿಸ್ಕ್ ಒಂದನ್ನೇ ಆಂಟೆನಾ ಎಂದು ಎಣಿಸಿದರೆ ಕನಿಷ್ಠ ಕ್ಯೂ 5ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಅಂಥ ಆಂಟೆನಾ ಆ ಅಂಚಿನಲ್ಲಿ ಸಲೀಸಾಗಿ ಹೊಂದಿಕೊಳ್ಳುವುದು ಅನುಮಾನ. ಆದರೆ ಅದೇ ಡಿಸ್ಕನ್ನು 42 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಬೋರ್ಡಿನ ಮೇಲೆ ಗ್ರೌಂಡಿನೊಡನೆ ಮುದ್ರಿಸಿ, ಇಡೀ ಬೋರ್ಡನ್ನು ಗೋಳದೊಳಗೆ ತೆಗೆದುಕೊಂಡರೆ ಗೋಳದ ತ್ರಿಜ್ಯ ಸುಮಾರು 33 ಮಿ.ಮೀ. ಆಗಿ, ಕ್ಯೂ 0.6ರ ಆಸುಪಾಸಿಗೆ ಇಳಿಯುತ್ತದೆ. ಆಂಟೆನಾ ಸುಖವಾಗಿ ಕೆಲಸ ಮಾಡುತ್ತದೆ.

ಇದರರ್ಥ ಇಷ್ಟೇ: ಅಗಲವಾದ ಪಟ್ಟಿಯನ್ನು ಕೊಟ್ಟದ್ದು ಡಿಸ್ಕ್ ಮಾತ್ರವಲ್ಲ. ಒಂದು ಕೈಯಿಂದ ಚಪ್ಪಾಳೆಯಾಗುವುದಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಡಿಸ್ಕಿನಲ್ಲಿ ಎಷ್ಟು ಪ್ರವಾಹ ಹರಿಯುತ್ತದೆಯೋ ಅಷ್ಟೇ ಪ್ರವಾಹ ಗ್ರೌಂಡಿನ ಮೇಲಂಚಿನಲ್ಲಿಯೂ ಪಕ್ಕದ ಅಂಚುಗಳಲ್ಲಿಯೂ ಹರಿಯಬೇಕು. ಸಿಮ್ಯುಲೇಶನ್‌ನಲ್ಲಿ 3 ಗಿಗಾಹರ್ಟ್ಸ್‌ನ ಪ್ರವಾಹದ ಚಿತ್ರವನ್ನು ತೆರೆದು ನೋಡಿದರೆ ಕೆಂಪು ಬಣ್ಣ ಡಿಸ್ಕಿನ ಅಂಚಿನಲ್ಲಿ ಎಷ್ಟಿದೆಯೋ ಗ್ರೌಂಡಿನ ಅಂಚಿನಲ್ಲಿಯೂ ಅಷ್ಟೇ ಇರುತ್ತದೆ. ಹೀಗಿರುವಾಗ ಗ್ರೌಂಡನ್ನು ಸುಮ್ಮನೆ ಕತ್ತರಿಸುತ್ತಾ ಬಂದು 16 ಗುಣಿಸು 18 ಮಿ.ಮೀ.ಗೆ ಇಳಿಸಿದರೆ, ಅದರ ಗೋಳದ ತ್ರಿಜ್ಯ 12 ಮಿ.ಮೀ., ಕ್ಯೂ ಮತ್ತೆ 3ರ ಮೇಲಕ್ಕೆ ಏರುತ್ತದೆ. ಇದು ಗೋಳದ ಅಷ್ಟೂ ಜಾಗವನ್ನು ಆದರ್ಶವಾಗಿ ಬಳಸಿಕೊಂಡ ಆಂಟೆನಾದ ಮೌಲ್ಯ. ಚಪ್ಪಟೆ ಬೋರ್ಡು ಅದರ ಹತ್ತಿರಕ್ಕೂ ಬರಲಾರದು. ಆದರೂ ಪ್ರಬಂಧದಲ್ಲಿ ಪ್ರತಿಫಲನದ ಅಳತೆಯ ರೇಖೆ 3.1ರಲ್ಲಿ 10 ಡೆಸಿಬೆಲ್ ಗೆರೆಯ, ಅಂದರೆ ಕಳಿಸಿದ ಶಕ್ತಿಯ ಹತ್ತನೇ ಒಂದು ಭಾಗ ಮಾತ್ರ ಹಿಂದಿರುಗುವ ಮಟ್ಟದ, ಕೆಳಗೇ ಇರುತ್ತದೆ. ಹೇಗೆ?

ಹೆಚ್ಚಿನ ಸಲ ಉತ್ತರ ಕೇಬಲ್ಲಿನಲ್ಲಿರುತ್ತದೆ. ಬೋರ್ಡಿನ ಅಂಚಿಗೆ ಎಸ್‌ಎಂಎ ಎಂಬ ಪುಟ್ಟ ತಿರುಪಿನ ಕನೆಕ್ಟರ್ ಬೆಸುಗೆ ಹಾಕಿ, ಅದಕ್ಕೆ ಕೋಆಕ್ಸಿಯಲ್ ಕೇಬಲ್ ತಿರುಗಿಸಿ, ಪ್ರತಿಫಲನ ಅಳೆಯುವ ನೆಟ್‌ವರ್ಕ್ ಅನಲೈಸರ್‌ಗೆ ಜೋಡಿಸಿದಾಗ ಗ್ರೌಂಡಿನಲ್ಲಿ ಜಾಗ ಸಾಲದ ಪ್ರವಾಹ ಕೇಬಲ್ಲಿನ ಹೊರ ಹೊದಿಕೆಯ ಮೇಲೆ ಹರಿದು ಹೋಗುತ್ತದೆ. ಆಗ ಒಂದು ಮೀಟರ್ ಉದ್ದದ ಕೇಬಲ್ಲೇ ಆಂಟೆನಾದ ಉಳಿದ ಭಾಗ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಕನೆಕ್ಟರಿನ ಲೋಹದ ಮೈ ಒಂದೇ ಸುಮಾರು 6 ಮಿ.ಮೀ. ಅಗಲವಿರುತ್ತದೆ, 16 ಮಿ.ಮೀ. ಗ್ರೌಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅದನ್ನು ಕೂಡ ಯಾರೂ ಆಯಾಮದಲ್ಲಿ ಸೇರಿಸುವುದಿಲ್ಲ. ಅಗ್ಗದ ಮಾಲನ್ನು 6 ಗಿಗಾಹರ್ಟ್ಸ್ ದಾಟಿದ ಮೇಲೆ ಎಷ್ಟು ನಂಬಬಹುದು ಎಂಬುದು ಬೇರೆಯೇ ಪ್ರಶ್ನೆ.

ಇದನ್ನು ಕಂಡುಹಿಡಿಯಲು ದುಬಾರಿ ಸಲಕರಣೆ ಬೇಕಿಲ್ಲ. ಅನಲೈಸರಿನ ಪರದೆಯ ಮೇಲೆ ಪ್ರತಿಫಲನದ ರೇಖೆ ನಿಂತಿರುವಾಗ, ಕನೆಕ್ಟರಿನ ಹಿಂಬದಿಯಿಂದ ಆರಂಭಿಸಿ ಕೇಬಲ್ಲನ್ನು ಎರಡು ಬೆರಳುಗಳ ನಡುವೆ ಹಗುರವಾಗಿ ಹಿಡಿದು ನಿಧಾನವಾಗಿ ಹಿಂದಕ್ಕೆ ಸವರುತ್ತಾ ಬರಬೇಕು. ಗ್ರೌಂಡ್ ಸಾಕಷ್ಟು ದೊಡ್ಡದಿದ್ದರೆ ರೇಖೆ ಕದಲುವುದಿಲ್ಲ. ಗ್ರೌಂಡ್ ಸಾಲದಿದ್ದರೆ 7, 8 ಗಿಗಾಹರ್ಟ್ಸ್‌ನ ಭಾಗ ತಟಸ್ಥವಾಗಿದ್ದು, 3ರಿಂದ 4 ಗಿಗಾಹರ್ಟ್ಸ್‌ನ ಭಾಗದಲ್ಲಿ ತಗ್ಗುಗಳು ಬೆರಳಿನ ಜೊತೆಗೇ ಅತ್ತಿತ್ತ ಸರಿಯುತ್ತವೆ, ಕೆಲವೊಮ್ಮೆ 10 ಡೆಸಿಬೆಲ್ ಗೆರೆಯನ್ನು ದಾಟಿ ಮೇಲಕ್ಕೂ ಏಳುತ್ತವೆ. ಕೇಬಲ್ಲಿಗೆ ಫೆರೈಟ್ ಮಣಿಗಳನ್ನು ಪೋಣಿಸಿಯೋ, ಹೀರುವಸ್ತುವಿನ ತುಂಡನ್ನು ಸುತ್ತಿಯೋ ಮತ್ತೆ ಅಳೆದರೆ ನಿಜವಾದ ಕೆಳ ಅಂಚು ಎಲ್ಲಿದೆ ಎಂಬುದರ ಒಂದು ಅಂದಾಜು ಸಿಗುತ್ತದೆ. ಸಾಧನದೊಳಗೆ ಕೂರಿಸಿದಾಗ ಕೇಬಲ್ ಇರುವುದಿಲ್ಲ. ಟ್ಯಾಗ್ ಬ್ಯಾಟರಿಯಿಂದ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಕೇಬಲ್ ಕೊಟ್ಟ ಪಟ್ಟಿ ಅಲ್ಲಿ ಮಾಯವಾಗುತ್ತದೆ.

ಇನ್ನೊಂದು ಉತ್ತರ ಎಫ್‌ಆರ್4 ಬೋರ್ಡಿನ ನಷ್ಟದಲ್ಲಿದೆ. ಪ್ರತಿಫಲನ ಕಡಿಮೆಯಾಗಿದೆ ಎಂದರೆ ಶಕ್ತಿ ಹಿಂದಕ್ಕೆ ಬರಲಿಲ್ಲ ಎಂದಷ್ಟೇ. ಅದು ಗಾಳಿಗೆ ಹೋಯಿತೋ ಬೋರ್ಡನ್ನು ಬಿಸಿ ಮಾಡಿತೋ ರೇಖೆ ಹೇಳುವುದಿಲ್ಲ. ಎಫ್‌ಆರ್4ರ ನಷ್ಟಾಂಕವನ್ನು ರೂಢಿಯಂತೆ 0.02 ಎಂದು ಹಿಡಿದು ಲೆಕ್ಕ ಹಾಕಿದರೆ 8 ಗಿಗಾಹರ್ಟ್ಸ್‌ನಲ್ಲಿ 30 ಮಿ.ಮೀ. ಉದ್ದದ ಫೀಡ್ ಗೆರೆಯಲ್ಲಿ ಬೋರ್ಡಿನ ವಸ್ತುವಿಗೇ ಸುಮಾರು 0.7 ಡೆಸಿಬೆಲ್ ಹೋಗುತ್ತದೆ. ಪ್ರತಿಫಲನ ಹೋಗಿ ಮರಳಿ ಬರಬೇಕಾದ್ದರಿಂದ ಅದಕ್ಕೆ ಇದರ ಎರಡರಷ್ಟು ನಷ್ಟ, ಅಂದರೆ 1.4. ಹಾಗಾಗಿ 8.6 ಡೆಸಿಬೆಲ್‌ನ ಆಂಟೆನಾ ಪರದೆಯ ಮೇಲೆ 10 ಡೆಸಿಬೆಲ್ ಆಗಿ ತೇರ್ಗಡೆಯಾಗುತ್ತದೆ. ರೋಜರ್ಸ್ ಕಂಪನಿಯ ಆರ್‌ಒ4350ಬಿಯಂಥ ಬೋರ್ಡುಗಳಲ್ಲಿ ನಷ್ಟಾಂಕ 0.004ಕ್ಕಿಂತ ಕಡಿಮೆ, ಅಲ್ಲಿ ಈ ಮೋಸ ನಡೆಯುವುದಿಲ್ಲ, ಆದರೆ ಬೆಲೆ ಬೇರೆ. ಟ್ಯಾಗಿನಂಥ ಅಗ್ಗದ ಸಾಧನಕ್ಕೆ ಎಫ್‌ಆರ್4 ಬಿಟ್ಟು ಬೇರೆ ಗತಿಯಿಲ್ಲ ಎಂಬುದನ್ನು ಒಪ್ಪಿಕೊಂಡೇ ನಾನು ಫೀಡ್ ಗೆರೆಯನ್ನು ಸಾಧ್ಯವಾದಷ್ಟು ಗಿಡ್ಡ ಮಾಡುತ್ತೇನೆ. ಪ್ರತಿಫಲನದ ರೇಖೆಯ ಜೊತೆಗೆ ದಕ್ಷತೆಯ ಅಳತೆಯನ್ನು ಕೊಡದ ಪ್ರಬಂಧವನ್ನು ಅರ್ಧ ಪ್ರಬಂಧವೆಂದೇ ಎಣಿಸುತ್ತೇನೆ.

ಹಾಗಾದರೆ ಪ್ರಾಮಾಣಿಕವಾಗಿ ಆಂಟೆನಾವನ್ನು ಕಿರಿದಾಗಿಸುವ ದಾರಿಗಳೇ ಇಲ್ಲವೇ ಎಂದರೆ, ಇವೆ. ನನಗೆ ಬಹಳ ಮೆಚ್ಚುಗೆಯಾದದ್ದು ಅರ್ಧಕ್ಕೆ ಕತ್ತರಿಸುವ ಉಪಾಯ. ಡಿಸ್ಕ್ ಮಾನೊಪೋಲ್ ಫೀಡ್ ಗೆರೆಯ ಎಡಕ್ಕೂ ಬಲಕ್ಕೂ ಒಂದೇ ರೀತಿ ಇರುತ್ತದೆ. ಪ್ರವಾಹವೂ ಹಾಗೆಯೇ ಎರಡೂ ಬದಿಯ ಅಂಚುಗಳಲ್ಲಿ ಸಮನಾಗಿ ಹರಿಯುತ್ತದೆ, ನಡುಗೆರೆಯನ್ನು ದಾಟುವುದಿಲ್ಲ. ಆದ್ದರಿಂದ ನಡುಗೆರೆಯ ಉದ್ದಕ್ಕೂ ಆಂಟೆನಾವನ್ನೂ ಗ್ರೌಂಡನ್ನೂ ಸೀಳಿ ಒಂದು ಬದಿಯನ್ನು ತೆಗೆದುಹಾಕಿದರೂ ಉಳಿದ ಬದಿಯ ಪ್ರವಾಹದ ರೂಪ ಹೆಚ್ಚು ಕೆಡುವುದಿಲ್ಲ. ಒಂದೇ ವೋಲ್ಟೇಜಿಗೆ ಅರ್ಧ ಪ್ರವಾಹ ಹರಿಯುವುದರಿಂದ ಇಂಪೆಡೆನ್ಸ್ ಸುಮಾರು ಎರಡರಷ್ಟಾಗುತ್ತದೆ, ಅದಕ್ಕೆ ತಕ್ಕಂತೆ ಫೀಡ್ ಗೆರೆಯ ಅಗಲವನ್ನೂ ಸಂದನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಇದಕ್ಕೂ ಬೆಲೆ ಇದೆ: ಎಡಬಲದ ಸಮತೆ ಹೋದಂತೆ ವಿಕಿರಣದ ವಿನ್ಯಾಸ ಒಂದು ಕಡೆಗೆ ವಾಲುತ್ತದೆ, ಮತ್ತು ಬೇಡದ ಧ್ರುವೀಕರಣ, ಅಂದರೆ ಅಡ್ಡ ದಿಕ್ಕಿನಲ್ಲಿ ಕಂಪಿಸುವ ಅಲೆ, ಹೆಚ್ಚುತ್ತದೆ. ಟ್ಯಾಗ್ ಯಾವ ಭಂಗಿಯಲ್ಲಿ ಬಿದ್ದಿರುತ್ತದೋ ಗೊತ್ತಿಲ್ಲದ ಸನ್ನಿವೇಶದಲ್ಲಿ ಎರಡನೆಯದು ದೋಷವಾಗಬೇಕೆಂದಿಲ್ಲ, ಅನುಕೂಲವೂ ಆಗಬಹುದು.

ಗ್ರೌಂಡಿನ ಅಂಚಿನಲ್ಲಿಯೇ ಒಂದು ತುದಿ ತೆರೆದ ಸೀಳನ್ನು ಕೊರೆದು ಅದನ್ನೇ ಆಂಟೆನಾ ಮಾಡುವುದು ಮತ್ತೊಂದು ದಾರಿ. ಅರ್ಧ ತರಂಗಾಂತರದ ಬದಲು ಕಾಲು ತರಂಗಾಂತರದ ಸೀಳು ಸಾಕಾಗುತ್ತದೆ, 3.1 ಗಿಗಾಹರ್ಟ್ಸ್‌ಗೆ ಎಫ್‌ಆರ್4 ಮೇಲೆ ಸುಮಾರು 15 ಮಿ.ಮೀ. ಇದರ ಒಳ್ಳೆಯ ಗುಣವೆಂದರೆ ಗ್ರೌಂಡ್ ಆಂಟೆನಾದ ಭಾಗ ಎಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಂಡು ಹೊರಡುವುದು. ಇದಕ್ಕೆ ವಿರುದ್ಧವಾದ ಮೂರನೆಯ ದಾರಿಯಲ್ಲಿ, ಫೀಡ್ ಬಿಂದುವಿನ ಬಳಿ ಮೇಲಿನ ತಾಮ್ರದಲ್ಲಿಯೇ ಒಂದು ಕಚ್ಚು ಹಾಕಿ, ಕೆಳ ಆವರ್ತನಗಳ ಪ್ರವಾಹ ಗ್ರೌಂಡಿಗಿಂತ ಹೆಚ್ಚಾಗಿ ಆ ಕಚ್ಚಿನ ಸುತ್ತ ಕೇಂದ್ರೀಕರಿಸುವಂತೆ ಮಾಡುತ್ತಾರೆ. ಗ್ರೌಂಡಿನ ಗಾತ್ರ ಬದಲಾದರೂ ಕೆಳ ಅಂಚು ಅಷ್ಟಾಗಿ ಕದಲದಿರುವುದು ಇದರ ಲಾಭ. ಒಂದೇ ಆಂಟೆನಾವನ್ನು ಬೇರೆ ಬೇರೆ ಅಳತೆಯ ಬೋರ್ಡುಗಳಲ್ಲಿ ಬಳಸಬೇಕಾದವರಿಗೆ ಇದಕ್ಕಿಂತ ಬೇಕಾದದ್ದು ಮತ್ತೇನೂ ಇಲ್ಲ.

ವೈಫೈ ತಡೆಯುವ ಸೀಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 5.15ರಿಂದ 5.825 ಗಿಗಾಹರ್ಟ್ಸ್‌ನ ವೈಫೈ ಸಂಕೇತ ಒಳಗೆ ಬಾರದಂತೆ ಡಿಸ್ಕಿನಲ್ಲಿ ಯು ಆಕಾರದ, ಅರ್ಧ ತರಂಗಾಂತರ ಉದ್ದದ ಸೀಳು ಕೊರೆಯುವುದು ವಾಡಿಕೆ, 5.5 ಗಿಗಾಹರ್ಟ್ಸ್‌ಗೆ ಎಫ್‌ಆರ್4 ಮೇಲೆ ಅದರ ಒಟ್ಟು ಉದ್ದ ಸುಮಾರು 16.6 ಮಿ.ಮೀ. ಆಗುತ್ತದೆ. ಈ ಒಂದು ಸೀಳಿನ ಸುತ್ತ ಹುಟ್ಟಿದ ಸಾಹಿತ್ಯ ಅಪಾರ. ಆದರೆ 2020ರ ಏಪ್ರಿಲ್‌ನಲ್ಲಿ ಎಫ್‌ಸಿಸಿ 5.925ರಿಂದ 7.125 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನೂ ವೈಫೈಗೆ ಬಿಟ್ಟುಕೊಟ್ಟ ಮೇಲೆ ಆ ಕಥೆ ಬದಲಾಗಿದೆ. ನಮಗೆ ಬೇಕಾದ ಸಂಕೇತದ ಮೇಲೆಯೇ ವೈಫೈ ಬಂದು ಕುಳಿತರೆ ಯಾವ ಸೀಳೂ ಕಾಪಾಡುವುದಿಲ್ಲ.

ಏಕೆಂದರೆ ಇಂದು ಮಾರುಕಟ್ಟೆಯಲ್ಲಿರುವ ಅಲ್ಟ್ರಾ ವೈಡ್‌ಬ್ಯಾಂಡ್ ಸಾಧನಗಳು 7.5 ಗಿಗಾಹರ್ಟ್ಸ್ ಅಗಲವನ್ನು ಬಳಸುವುದೇ ಇಲ್ಲ. 2002ರಲ್ಲಿ ಎಲ್ಲರ ಕಣ್ಣೂ ಅತಿ ವೇಗದ ದತ್ತಾಂಶ ರವಾನೆಯ ಮೇಲಿತ್ತು. ಅದಕ್ಕಾಗಿ ಎಂಜಿನಿಯರುಗಳ ಸಂಘಟನೆಯಾದ ಐಇಇಇ ರಚಿಸಿದ 802.15.3ಎ ಎಂಬ ಮಾನದಂಡ ಗುಂಪು ಎರಡು ಬಣಗಳ ಜಗಳದಲ್ಲಿ ಸಿಕ್ಕು 2006ರಲ್ಲಿ ಬರ್ಖಾಸ್ತಾಯಿತು, ವೈರ್‌ಲೆಸ್ ಯುಎಸ್‌ಬಿ ನಿಲ್ಲಲಿಲ್ಲ. ಬದುಕಿ ಉಳಿದದ್ದು ದೂರ ಅಳೆಯುವ ಬಳಕೆ. 2019ರ ಐಫೋನ್ 11ರಲ್ಲಿ ಯು1 ಎಂಬ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ ಬಂದ ಮೇಲೆ, 2021ರಲ್ಲಿ ಏರ್‌ಟ್ಯಾಗ್ ಬಂದ ಮೇಲೆ, ಕಾರಿನ ಡಿಜಿಟಲ್ ಕೀಲಿಗೂ ಇದೇ ತಂತ್ರ ಆಯ್ಕೆಯಾದ ಮೇಲೆ ತಯಾರಕರೆಲ್ಲರೂ ಎರಡು ಚಾನೆಲ್‌ಗಳ ಸುತ್ತ ನೆರೆದಿದ್ದಾರೆ: 6489.6 ಮೆಗಾಹರ್ಟ್ಸ್ ಕೇಂದ್ರದ ಚಾನೆಲ್ 5, 7987.2 ಮೆಗಾಹರ್ಟ್ಸ್ ಕೇಂದ್ರದ ಚಾನೆಲ್ 9. ಪ್ರತಿಯೊಂದರ ಅಗಲ 499.2 ಮೆಗಾಹರ್ಟ್ಸ್. ಚಾನೆಲ್ 5 ಪೂರ್ತಿಯಾಗಿ ಹೊಸ ವೈಫೈ ಪಟ್ಟಿಯ ಒಳಗೇ ಬೀಳುತ್ತದೆ. ಚಾನೆಲ್ 9 ಅದರ ಆಚೆಗಿದೆ, ಮತ್ತು ಜಪಾನಿನ 7.25ರಿಂದ 10.25 ಹಾಗೂ ಯುರೋಪಿನ 6ರಿಂದ 8.5 ಗಿಗಾಹರ್ಟ್ಸ್, ಈ ಎರಡೂ ಪಟ್ಟಿಗಳೊಳಗೆ ಹಿಡಿಸುತ್ತದೆ.

ಎರಡೂ ಚಾನೆಲ್‌ಗಳನ್ನು ಒಳಗೊಳ್ಳಲು 6.24ರಿಂದ 8.24 ಗಿಗಾಹರ್ಟ್ಸ್ ಸಾಕು. ಮೇಲೆ ಹೇಳಿದ ಸೂತ್ರವನ್ನೇ ಹಿಡಿದು 6 ಗಿಗಾಹರ್ಟ್ಸ್‌ನಿಂದ ಆರಂಭವಾಗುವ ಡಿಸ್ಕಿನ ತ್ರಿಜ್ಯ ಲೆಕ್ಕ ಹಾಕಿದರೆ ಸುಮಾರು 4.5 ಮಿ.ಮೀ. ಬರುತ್ತದೆ, ಅಂದರೆ ವ್ಯಾಸ ಒಂದು ಸೆಂಟಿಮೀಟರಿಗಿಂತ ಕಡಿಮೆ. ಗ್ರೌಂಡಿನ ಅಗತ್ಯವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಯಾವ ಜಾಣತನವೂ ಇಲ್ಲದೆ, ಬೇಡದ ಪಟ್ಟಿಯನ್ನು ಬಿಟ್ಟುಕೊಟ್ಟಿದ್ದರಿಂದಲೇ ಆಂಟೆನಾ ಪುಟ್ಟದಾಯಿತು. ಆದ್ದರಿಂದ ಟ್ಯಾಗಿಗೆ 3.1ರಿಂದ 10.6ರ ಆಂಟೆನಾ ಬೇಕೆಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಯಾವ ಚಿಪ್ ಬಳಸುತ್ತೀರಿ, ಯಾವ ಚಾನೆಲ್ ಎಂಬುದನ್ನು. ಪೂರ್ಣ ಪಟ್ಟಿಯ ಆಂಟೆನಾ ಇಂಥ ಕಡೆ ಹೊರೆಯೇ ಹೊರತು ಆಸ್ತಿಯಲ್ಲ, ಅದು ಪಕ್ಕದ 5 ಗಿಗಾಹರ್ಟ್ಸ್ ವೈಫೈಯನ್ನೂ ನೇರವಾಗಿ ರಿಸೀವರಿನ ಬಾಯಿಗೆ ತಂದು ಸುರಿಯುತ್ತದೆ. ಗೋಡೆಯ ಆಚೆ ನೋಡುವ ರೇಡಾರ್, ನೆಲದೊಳಗೆ ನೋಡುವ ರೇಡಾರ್ ಮುಂತಾದವುಗಳ ಮಾತು ಬೇರೆ. ಅಲ್ಲಿ ಅಗಲ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಅಲ್ಲಿ ಆಂಟೆನಾ ಅಂಗೈಯಗಲ ಇದ್ದರೂ ಯಾರೂ ದೂರುವುದಿಲ್ಲ.

ದೂರ ಅಳೆಯುವ ಸಾಧನದಲ್ಲಿ ಆಂಟೆನಾದಿಂದ ಇನ್ನೊಂದನ್ನು ಅಪೇಕ್ಷಿಸಬೇಕಾಗುತ್ತದೆ, ಅದು ಸಮಯಕ್ಕೆ ಸಂಬಂಧಿಸಿದ್ದು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುತ್ತದೆ. ಪಲ್ಸ್ ಹೊರಟ ಹೊತ್ತು ಮತ್ತು ತಲುಪಿದ ಹೊತ್ತಿನ ಅಂತರದಿಂದ ದೂರ ಕಂಡುಹಿಡಿಯುವಾಗ ಆಂಟೆನಾದೊಳಗೆ ಕಳೆದ ಸಮಯವೂ ದೂರವಾಗಿಯೇ ಲೆಕ್ಕಕ್ಕೆ ಬರುತ್ತದೆ. 100 ಪಿಕೊಸೆಕೆಂಡ್ ವಿಳಂಬವೆಂದರೆ 3 ಸೆಂ.ಮೀ. ವಿಳಂಬ ಸ್ಥಿರವಾಗಿದ್ದರೆ ಕಳೆದುಬಿಡಬಹುದು. ಆವರ್ತನಕ್ಕೆ ತಕ್ಕಂತೆ ಅದು ಬದಲಾದರೆ ಪಲ್ಸ್ ಚದುರುತ್ತದೆ, ಅದರ ಮುಂದಂಚು ಮಂಕಾಗುತ್ತದೆ. ಲಾಗ್ ಪೀರಿಯಾಡಿಕ್ ಆಂಟೆನಾ ಇದಕ್ಕೆ ಸ್ಪಷ್ಟ ನಿದರ್ಶನ: 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಆಂಟೆನಾದ ಪಟ್ಟಿ ಎಷ್ಟು ಬೇಕಾದರೂ ಅಗಲವಾಗಬಹುದು, ಆದರೆ ಮೇಲಿನ ಆವರ್ತನಗಳು ಮುಂತುದಿಯ ಗಿಡ್ಡ ಕಡ್ಡಿಗಳಿಂದಲೂ ಕೆಳಗಿನವು ಹಿಂದಿನ ಉದ್ದ ಕಡ್ಡಿಗಳಿಂದಲೂ ಹೊರಡುವುದರಿಂದ ಒಂದು ಚೂಪಾದ ಪಲ್ಸ್ ಉದ್ದನೆಯ ಸಿಳ್ಳಾಗಿ ಹೊರಬರುತ್ತದೆ. ಪ್ರತಿಫಲನದ ರೇಖೆಯಲ್ಲಿ ಇದರ ಸುಳಿವೂ ಇರುವುದಿಲ್ಲ. ಪುಟ್ಟ ಡಿಸ್ಕ್ ಈ ವಿಷಯದಲ್ಲಿ ಎಷ್ಟೋ ವಾಸಿ, ಅದರ ಇಡೀ ಮೈ ಬಹುಮಟ್ಟಿಗೆ ಒಂದೇ ಜಾಗದಿಂದ ಸೂಸುತ್ತದೆ. ಆದರೆ ಜಾಗ ಉಳಿಸಲೆಂದು ತಾಮ್ರವನ್ನು ಹಾವಿನಂತೆ ಸುತ್ತಿಸುತ್ತಾ ಹೋದರೆ, ಸೀಳಿನ ಮೇಲೆ ಸೀಳು ಹಾಕುತ್ತಾ ಹೋದರೆ, ಪ್ರತಿಯೊಂದು ಸುತ್ತೂ ಶಕ್ತಿಯನ್ನು ಕ್ಷಣಕಾಲ ಹಿಡಿದಿಟ್ಟು ತಡವಾಗಿ ಬಿಡುತ್ತದೆ.

ವಿಳಂಬ ದಿಕ್ಕಿನಿಂದ ದಿಕ್ಕಿಗೂ ಬದಲಾಗುತ್ತದೆ. ಟ್ಯಾಗನ್ನು ತಿರುಗುವ ಪೀಠದ ಮೇಲೆ ಇಟ್ಟು, ಎದುರಿನ ಸಾಧನವನ್ನು ಕದಲಿಸದೆ ಒಂದು ಸುತ್ತು ತಿರುಗಿಸಿ ನೋಡಿದರೆ, ದೂರ ಬದಲಾಗದಿದ್ದರೂ ಓದು ಕೆಲವು ಸೆಂಟಿಮೀಟರ್‌ಗಳಷ್ಟು ಏರಿಳಿಯುತ್ತದೆ, ಮತ್ತು ಆ ಏರಿಳಿತದ ಆಕಾರ ಹೆಚ್ಚಾಗಿ ಗ್ರೌಂಡಿನ ಆಕಾರವನ್ನೇ ಅನುಸರಿಸುತ್ತದೆ: ಗ್ರೌಂಡಿನ ಉದ್ದದ ಬದಿ ಎದುರಾದಾಗ ಒಂದು ರೀತಿ, ಕಿರಿದಾದ ಬದಿ ಎದುರಾದಾಗ ಇನ್ನೊಂದು ರೀತಿ. ಟ್ಯಾಗಿನ ಬೋರ್ಡಿಗೆ ಅಂಟಿಕೊಂಡಿರುವ ಸಿಆರ್2032 ನಾಣ್ಯದಾಕಾರದ ಬ್ಯಾಟರಿ 20 ಮಿ.ಮೀ. ವ್ಯಾಸದ, 3.2 ಮಿ.ಮೀ. ದಪ್ಪದ ಲೋಹದ ಬಿಲ್ಲೆ. ಆಂಟೆನಾದ ದೃಷ್ಟಿಯಲ್ಲಿ ಅದು ಬ್ಯಾಟರಿಯಲ್ಲ, ಗ್ರೌಂಡಿನ ಒಂದು ಭಾಗ. ಅದನ್ನು ಬೋರ್ಡಿನ ನಡುವಿನಿಂದ ಅಂಚಿಗೆ ಸರಿಸಿದರೆ ಆಂಟೆನಾವನ್ನು ಮುಟ್ಟದಿದ್ದರೂ ಆಂಟೆನಾ ಬದಲಾದಂತೆಯೇ. ಆದ್ದರಿಂದ ಪೆಟ್ಟಿಗೆಯನ್ನು ರೂಪಿಸುವವರ ಜೊತೆ ಕೂತು ನಾನು ಮೊದಲು ಇತ್ಯರ್ಥ ಮಾಡಿಕೊಳ್ಳುವುದು ಬ್ಯಾಟರಿಯ ಜಾಗವನ್ನು. ಆಂಟೆನಾದ ಆಕಾರ ಅದಾದ ಮೇಲಿನ ಮಾತು. ಪೆಟ್ಟಿಗೆಯ ಪ್ಲಾಸ್ಟಿಕ್ ಕೂಡ ತಾಮ್ರಕ್ಕೆ ತೀರಾ ಹತ್ತಿರವಿದ್ದರೆ ಅನುರಣನವನ್ನು ಕೆಳಕ್ಕೆ ಎಳೆಯುತ್ತದೆ, ಅದನ್ನು ಸಿಮ್ಯುಲೇಶನ್‌ನಲ್ಲಿ ಮೊದಲ ದಿನದಿಂದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಟ್ಯಾಗನ್ನು ಗುರುತಿನ ಚೀಟಿಯಂತೆ ಕೊರಳಿಗೆ ನೇತುಹಾಕಿಕೊಳ್ಳುವುದಾದರೆ ಇನ್ನೊಂದು ತೊಡಕು ಸೇರುತ್ತದೆ. ಈ ಆವರ್ತನಗಳಲ್ಲಿ ಮನುಷ್ಯನ ದೇಹ ಬಹುಮಟ್ಟಿಗೆ ಅಪಾರದರ್ಶಕ. ಬೆನ್ನ ಹಿಂದಿನ ರಿಸೀವರಿಗೆ ನೇರ ಸಂಕೇತ ಅಷ್ಟು ಕ್ಷೀಣವಾಗಿ ತಲುಪುವುದರಿಂದ, ಅದು ಗೋಡೆಗೆ ಬಡಿದು ಬಂದ ಸಂಕೇತವನ್ನೇ ಮೊದಲನೆಯದೆಂದು ಭಾವಿಸಿ ದೂರವನ್ನು ಹೆಚ್ಚಾಗಿ ಹೇಳುತ್ತದೆ. ಹಿಂದೆ ಪೂರ್ತಿ ಲೋಹವಿರುವ ಪ್ಯಾಚ್ ಆಂಟೆನಾ ಇಲ್ಲಿ ಮಾನೊಪೋಲ್‌ಗಿಂತ ಹೆಚ್ಚು ನೆಮ್ಮದಿ, ಏಕೆಂದರೆ ಎದೆಗೆ ತಾಗಿದರೂ ಅದರ ಹೊಂದಾಣಿಕೆ ಕೆಡುವುದು ಕಡಿಮೆ. ಆದರೆ ತೆಳು ಬೋರ್ಡಿನ ಮೇಲೆ ಪ್ಯಾಚ್‌ನ ಪಟ್ಟಿ ಒಂದು ಚಾನೆಲ್ ತುಂಬುವುದೇ ಕಷ್ಟ. ದಿಕ್ಕನ್ನೂ ಅಳೆಯಬೇಕಾದ ಸಾಧನಗಳಲ್ಲಿ ಇಂಥ ಎರಡು ಪ್ಯಾಚ್‌ಗಳನ್ನು ಅವುಗಳ ನಡುವಿನ ದೂರ ಅರ್ಧ ತರಂಗಾಂತರ ಮೀರದಂತೆ ಇಡಬೇಕು. ಚಾನೆಲ್ 9ಕ್ಕೆ ಆ ದೂರ 18.8 ಮಿ.ಮೀ., ಚಾನೆಲ್ 5ಕ್ಕೆ 23.1 ಮಿ.ಮೀ.; ಎರಡೂ ಬೇಕೆಂದರೆ ಚಿಕ್ಕದಕ್ಕೇ ಕಟ್ಟುಬೀಳಬೇಕು.

ವಿಳಂಬವನ್ನು ಕೊನೆಗೆ ಎಲ್ಲಿ ಕಳೆಯಬೇಕು ಎಂಬುದು ತಯಾರಿಕೆಯ ಹಂತದ ಪ್ರಶ್ನೆ. ಗೊತ್ತಿರುವ ದೂರದಲ್ಲಿ ಎರಡು ಸಾಧನಗಳನ್ನು ಎದುರುಬದುರು ಇಟ್ಟು, ಓದಿನಲ್ಲಿ ಬಂದ ಹೆಚ್ಚುವರಿಯನ್ನು ಆಂಟೆನಾ ವಿಳಂಬವೆಂದು ಚಿಪ್ಪಿನ ನೆನಪಿನಲ್ಲಿ ಬರೆದಿಡುವುದು ರೂಢಿ. ಪ್ರತಿಯೊಂದು ಸಾಧನಕ್ಕೂ ಹೀಗೆ ಮಾಡುವುದೋ, ವಿನ್ಯಾಸಕ್ಕೆ ಒಂದೇ ಮೌಲ್ಯ ಕೊಡುವುದೋ ಎಂಬ ಚರ್ಚೆ ಪ್ರತಿ ಸಲವೂ ಏಳುತ್ತದೆ, ಏಕೆಂದರೆ ಪರೀಕ್ಷೆಯ ಒಂದೊಂದು ಸೆಕೆಂಡಿಗೂ ಕಾರ್ಖಾನೆಯಲ್ಲಿ ಬೆಲೆಯಿದೆ. ನನ್ನ ಅಭಿಪ್ರಾಯದಲ್ಲಿ ಕೋಣೆಯೊಳಗೆ ಯಾರಿದ್ದಾರೆ ಎಂದು ತಿಳಿದರೆ ಸಾಕಾದ ಕಡೆ ಒಂದೇ ಮೌಲ್ಯ ಸಾಕು. ಆದರೆ ಓಡಾಡುವ ಯಂತ್ರದ ಹತ್ತಿರ ಮನುಷ್ಯ ಬಂದಾಗ ಅದನ್ನು ನಿಲ್ಲಿಸಬೇಕಾದಂಥ ಕಡೆ ಪ್ರತಿ ಸಾಧನವನ್ನೂ ಅಳೆಯಲೇಬೇಕು. ಹಾಗೆ ಅಳೆಯುವಾಗ ಟ್ಯಾಗ್ ತನ್ನ ಪೆಟ್ಟಿಗೆಯೊಳಗೆ, ಬ್ಯಾಟರಿ ಹಾಕಿದ ಸ್ಥಿತಿಯಲ್ಲಿ, ಯಾವ ಕೇಬಲ್ಲೂ ತಾಗದೆ ಇರಬೇಕು.